ಒಂಟೆ–ಕುದುರೆ ಮೇಟ್: ಬೆನ್ನಟ್ಟಬೇಡಿ, ದಾರಿ ಮುಚ್ಚಿ

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಹೋದ ತಿಂಗಳು ಬೆಂಗಳೂರಲ್ಲೇ ಒಂದು ಚೆಸ್ ಟೂರ್ನಿ ಆಡಿದಳು. ಒಂದು ಆಟದ ಕೊನೆಗೆ ಅವಳ ಹತ್ತಿರ ರಾಜನ ಜೊತೆ ಒಂದು ಒಂಟೆ, ಒಂದು ಕುದುರೆ ಇತ್ತು. ಎದುರಾಳಿಗೆ ಬರೀ ರಾಜ. ಆದರೂ ಮೇಟ್ ಮಾಡೋಕೆ, ಅಂದರೆ ಆ ರಾಜನನ್ನ ತಪ್ಪಿಸಿಕೊಳ್ಳದ ಹಾಗೆ ಹಿಡಿಯೋಕೆ ಆಗಲಿಲ್ಲ, ನಿಯಮದ 50 ನಡೆ ಮುಗಿದು ಡ್ರಾ ಆಯಿತು. ಮನೆ ತಲುಪೋವರೆಗೂ ಅತ್ತಳು. ಇದು ಅಪರೂಪಕ್ಕೆ ಬರೋದು, ತಲೆ ಕೆಡಿಸ್ಕೋಬೇಡಿ ಅಂತಾರೆ ಕೋಚ್. ಇದನ್ನ ಕಲಿಯಲೇಬೇಕಾ? ವಿಡಿಯೋ ನೋಡಿ ನಡೆಗಳನ್ನ ಬಾಯಿಪಾಠ ಮಾಡಿದರೆ ಮಾರನೇ ದಿನಕ್ಕೆ ಮರೆತು ಹೋಗುತ್ತೆ. ಬೇರೆ ದಾರಿ ಇದೆಯಾ?
— ವಿಜಯನಗರದ ಒಬ್ಬ ತಾಯಿ

ಉತ್ತರ: ಮೊದಲು ಮಗಳಿಗೆ ಒಂದು ವಿಷಯ ಹೇಳಿ. 2013ರಲ್ಲಿ ಜಿನೀವಾದ ಮಹಿಳಾ ಗ್ರ್ಯಾಂಡ್ ಪ್ರಿ ಟೂರ್ನಿಯಲ್ಲಿ ಆನಾ ಉಶೆನಿನಾ ಅವರಿಗೂ ಇದೇ ಆಯಿತು. ಎದುರಿಗಿದ್ದವರು ಓಲ್ಗಾ ಗಿರ್ಯಾ. ಉಶೆನಿನಾ ಹತ್ತಿರ ಒಂಟೆ, ಕುದುರೆ ಎರಡೂ ಇತ್ತು, ಗಿರ್ಯಾ ಹತ್ತಿರ ಬರೀ ರಾಜ, ಆಟ ಡ್ರಾ. ಉಶೆನಿನಾ ಆಗ ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದರು! ಹಾಗಾಗಿ ವಿಜಯನಗರದ ಹುಡುಗಿ ನಾಚಿಕೊಳ್ಳಬೇಕಾದ್ದು ಏನೂ ಇಲ್ಲ.

ನಿಮ್ಮ ಕೋಚ್ ಹೇಳಿದ್ದು ತಪ್ಪಲ್ಲ. ಸಾವಿರಾರು ಆಟಕ್ಕೆ ಒಮ್ಮೆ ಬರೋ ಎಂಡ್‌ಗೇಮ್ (ಆಟದ ಕೊನೆಯ ಘಟ್ಟ) ಇದು. ಅವಳಿಗೆ ರಾಜ ಮತ್ತು ಕಾಲಾಳಿನ ಎಂಡ್‌ಗೇಮ್, ಆನೆಯ ಎಂಡ್‌ಗೇಮ್ ಇನ್ನೂ ಸರಿಯಾಗಿ ಬರದಿದ್ದರೆ ಮೊದಲು ಅದನ್ನ ಮುಗಿಸಲಿ, ಅವು ವಾರವಾರವೂ ಬೋರ್ಡಿನ ಮೇಲೆ ಬರುತ್ತವೆ. ಆದರೆ ಅದು ಬರುತ್ತೆ ಅಂತಾದರೆ ಇದಕ್ಕೂ ಕೆಲವು ಸಂಜೆ ಕೊಡಬಹುದು. ಗೆಲ್ಲುವ ಆಟ ಒಮ್ಮೆ ಕೈತಪ್ಪಿದ ಮಗು, ಮುಂದಿನ ಸಲ ಒಂಟೆ–ಕುದುರೆ ಉಳಿಯೋ ಹಾಗಿದ್ದರೆ ಆ ದಾರಿಯನ್ನೇ ಬಿಟ್ಟು ಬೇರೆ ಯಾವುದೋ ಕೆಟ್ಟ ನಡೆ ಆಡುತ್ತೆ. ಅದು ಇನ್ನೂ ದೊಡ್ಡ ನಷ್ಟ.

ಇದು ಎಷ್ಟು ಕಷ್ಟ ಅನ್ನೋದಕ್ಕೆ ಲೆಕ್ಕ ನೋಡಿ. ಒಂಟಿ ರಾಜನ ಎದುರು ರಾಣಿ ಇದ್ದರೆ ಎಷ್ಟೇ ಕೆಟ್ಟ ಸ್ಥಾನದಿಂದ ಶುರು ಮಾಡಿದರೂ 10 ನಡೆಯಲ್ಲಿ ಮೇಟ್ ಮಾಡಬಹುದು. ಆನೆ ಇದ್ದರೆ 16, ಎರಡು ಒಂಟೆ ಇದ್ದರೆ 19. ಒಂಟೆ ಮತ್ತು ಕುದುರೆಗೆ 33. ಎರಡು ಕುದುರೆ ಮಾತ್ರ ಇದ್ದರೆ ಒತ್ತಾಯದಿಂದ, ಅಂದರೆ ಎದುರಾಳಿ ತಪ್ಪು ಮಾಡದಿದ್ದರೂ, ಮೇಟ್ ಮಾಡೋಕೆ ಆಗೋದೇ ಇಲ್ಲ. ಅಂದರೆ ಒಂಟೆ–ಕುದುರೆಯಲ್ಲಿ ಕಂಪ್ಯೂಟರ್ ಥರ ಆಡಿದರೂ 50ರಲ್ಲಿ ಉಳಿಯೋದು 17 ನಡೆ. ಮನುಷ್ಯರಿಗೆ ಅಷ್ಟು ಸಾಕು, ಆದರೆ ಸುಮ್ನೆ ಅಲೆದಾಡೋಕೆ ಸಾಲಲ್ಲ.

ಮಕ್ಕಳು ಎಲ್ಲಿ ಎಡವುತ್ತಾರೆ ಅಂದರೆ, ಚೆಕ್ (ರಾಜನ ಮೇಲೆ ನೇರ ದಾಳಿ) ಕೊಡೋದರಲ್ಲಿ. ರಾಜ ಓಡುತ್ತಾನೆ, ಇವರು ಚೆಕ್ ಕೊಡುತ್ತಾರೆ, ಅವನು ಇನ್ನೊಂದು ಕಡೆ ಓಡುತ್ತಾನೆ, ಮತ್ತೆ ಚೆಕ್. ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಹೋದ ಹಾಗೆ. ಕೆಳಗೆ ನಾನು ಕೊಡುವ ಮುಖ್ಯ ದಾರಿ 18 ನಡೆಯದು, ಅದರಲ್ಲಿ ಮೇಟ್ ಸೇರಿ ಚೆಕ್ ಬರೋದು 6 ಸಲ ಮಾತ್ರ. ಉಳಿದ 12 ನಡೆ ಸದ್ದಿಲ್ಲದೆ ಮನೆಗಳನ್ನು ಮುಚ್ಚುವ ನಡೆಗಳು. ಇದು ಅರ್ಥವಾದರೆ ಬಾಯಿಪಾಠದ ಅಗತ್ಯ ಅರ್ಧ ಕಡಿಮೆಯಾಗುತ್ತೆ.

ಇನ್ನು ಮೂಲೆಯ ವಿಷಯ. ಒಂಟೆ ಯಾವ ಬಣ್ಣದ ಮನೆಯಲ್ಲಿ ಓಡಾಡುತ್ತೋ ಆ ಬಣ್ಣದ ಮೂಲೆಯಲ್ಲಿ ಮಾತ್ರ ಒತ್ತಾಯದಿಂದ ಮೇಟ್ ಆಗೋದು. ಬಿಳಿ ಮನೆಯ ಒಂಟೆ ಆದರೆ ಎ8 ಅಥವಾ ಎಚ್1 (ಬಿಳಿ ಕಡೆಯಿಂದ ನೋಡಿದಾಗ ಎಡದಿಂದ ಬಲಕ್ಕೆ ಎ–ಎಚ್ ಸಾಲು, ಕೆಳಗಿನಿಂದ ಮೇಲಕ್ಕೆ 1–8). ಕಪ್ಪು ಮನೆಯ ಒಂಟೆ ಆದರೆ ಎ1 ಅಥವಾ ಎಚ್8. ಇದನ್ನ ಎಲ್ಲರೂ ಹೇಳಿಕೊಡುತ್ತಾರೆ, ಯಾಕೆ ಅಂತ ಹೇಳೋರು ಕಡಿಮೆ. ಕಾರಣ ಗೊತ್ತಾದರೆ ಮರೆಯೋಕೆ ಸಾಧ್ಯವೇ ಇಲ್ಲ, ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮದು ಬಿಳಿ ಮನೆಯ ಒಂಟೆ, ಎದುರಾಳಿ ರಾಜ ಕಪ್ಪು ಮೂಲೆ ಎಚ್8ರಲ್ಲಿ ಇದ್ದಾನೆ ಅಂದುಕೊಳ್ಳಿ. ಅಲ್ಲಿ ಒಂಟೆ ಚೆಕ್ ಕೊಡೋಕೆ ಆಗಲ್ಲ, ಕುದುರೆಯೇ ಮೇಟ್ ಕೊಡಬೇಕು. ಅದಕ್ಕೂ ಮುಂಚೆ ರಾಜನನ್ನು ಜಿ8ರಿಂದ ಎಚ್8ಕ್ಕೆ ತಳ್ಳಬೇಕು. ಜಿ8ರಲ್ಲಿ ಒಂಟೆಯಿಂದ ಚೆಕ್ ಕೊಟ್ಟಾಗ ಅವನು ಎಫ್8ಕ್ಕೆ ಓಡಿಹೋಗದ ಹಾಗೆ ಕುದುರೆ ಎಫ್8 ಕಾಯುತ್ತಿರಬೇಕು. ಮರುನಡೆಯಲ್ಲಿ ಅದೇ ಕುದುರೆ ಎಚ್8ಕ್ಕೆ ಚೆಕ್ ಕೊಡಬೇಕು. ಎಫ್8, ಎಚ್8 ಎರಡೂ ಕಪ್ಪು ಮನೆ. ಕುದುರೆ ಬಿಳಿ ಮನೆಯಲ್ಲಿ ನಿಂತಾಗ ಮಾತ್ರ ಕಪ್ಪು ಮನೆಗಳನ್ನು ಕಾಯುತ್ತೆ. ಒಂದು ಸಲ ಹಾರಿದರೆ ಕಪ್ಪು ಮನೆಗೆ ಬಂದುಬಿಡುತ್ತೆ, ಆಗ ಅದು ಕಾಯೋದು ಬರೀ ಬಿಳಿ ಮನೆಗಳನ್ನ. ಅಂದರೆ ಎರಡು ಕೆಲಸವನ್ನು ಒಂದರ ಹಿಂದೆ ಒಂದರಂತೆ ಮಾಡೋಕೆ ಆಗೋದೇ ಇಲ್ಲ. ರಾಜ ಎಚ್7 ಕಡೆಯಿಂದ ಬಂದರೂ ಇದೇ ಲೆಕ್ಕ, ಎಫ್8 ಬದಲು ಎಚ್6 ಅಂತ ಓದಿಕೊಳ್ಳಿ. ಎದುರಾಳಿ ತಾನಾಗಿ ತಪ್ಪು ಮಾಡಿದರೆ ಅಲ್ಲೂ ಮೇಟ್ ಆಗಬಹುದು, ಆದರೆ ಅದನ್ನ ನಂಬಿಕೊಂಡು ಕೂರೋಕಾಗಲ್ಲ. ಸರಿಯಾದ ಮೂಲೆಯಲ್ಲಿ ಕೆಲಸ ಹಂಚಿಕೆ ಚೆನ್ನಾಗಿದೆ: ಬಿ8 ಅನ್ನೋ ಕಪ್ಪು ಮನೆಯಲ್ಲಿ ಕುದುರೆ ಚೆಕ್ ಕೊಡುತ್ತೆ, ರಾಜ ಎ8ಕ್ಕೆ ಹೋಗುತ್ತಾನೆ, ಅಲ್ಲಿ ಒಂಟೆ ಮುಗಿಸುತ್ತೆ.

ಕಲಿಯೋ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗೇ ಇದೆ. ಕೊನೆಯಿಂದ ಶುರು ಮಾಡಿ. ವಿಡಿಯೋಗಳು ಬೋರ್ಡಿನ ನಡುವಿನಿಂದ ಶುರು ಮಾಡುತ್ತವೆ, ಕೊನೆ ತಲುಪೋ ಹೊತ್ತಿಗೆ ಮಗುವಿನ ಗಮನ ಎಲ್ಲೋ ಹೋಗಿರುತ್ತೆ. ಬೋರ್ಡ್ ತೆಗೆದು ಇಷ್ಟು ಇಡಿ: ಬಿಳಿ ರಾಜ ಬಿ6, ಒಂಟೆ ಡಿ7, ಕುದುರೆ ಸಿ5. ಕಪ್ಪು ರಾಜ ಬಿ8. ಕುದುರೆ ಎ6ಕ್ಕೆ ಬಂದು ಚೆಕ್. ಒಂಟೆ ಸಿ8 ಮುಚ್ಚಿದೆ, ಹಾಗಾಗಿ ರಾಜ ಎ8ಕ್ಕೆ ಹೋಗಲೇಬೇಕು. ಒಂಟೆ ಸಿ6, ಮೇಟ್. ಇಷ್ಟೇ.

ಈಗ ಒಂದೇ ನಡೆ ಹಿಂದಕ್ಕೆ ಹೋಗಿ. ಒಂಟೆ ಇ6ರಲ್ಲಿದೆ, ಕಪ್ಪು ರಾಜ ಎ8ರಲ್ಲಿದ್ದಾನೆ, ನಡೆ ನಮ್ಮದು. ಆಸೆಗೆ ಬಿದ್ದು ಈಗಲೇ ಕುದುರೆಯನ್ನ ಎ6ಕ್ಕೆ ಇಟ್ಟರೆ ಸ್ಟೇಲ್‌ಮೇಟ್, ಅಂದರೆ ಎದುರಾಳಿಗೆ ನಡೆಯೇ ಇಲ್ಲದೆ ಡ್ರಾ! ಬಿ8 ಕುದುರೆ ಕೈಯಲ್ಲಿ, ಎ7, ಬಿ7 ನಮ್ಮ ರಾಜನ ಕೈಯಲ್ಲಿ, ಆದರೆ ಚೆಕ್ ಇಲ್ಲ. ಅರ್ಧ ಗಂಟೆಯ ಶ್ರಮ ನೀರಿಗೆ ಹೋಯಿತು. ಇಲ್ಲಿ ಬೇಕಾಗಿರೋದು ಒಂದು ಕಾಯುವ ನಡೆ, ಒಂಟೆ ಇ6ರಿಂದ ಡಿ7. ಸಿ8 ಮುಚ್ಚಿದ ಹಾಗೇ ಇರುತ್ತೆ, ಸರದಿ ಮಾತ್ರ ಎದುರಾಳಿಗೆ ಹೋಗುತ್ತೆ. ಅವನು ಬಿ8ಕ್ಕೆ ಬರಲೇಬೇಕು, ಆಗ ಕುದುರೆ ಎ6. ಮಗಳಿಗೆ ಈ ಎರಡು ಚಿತ್ರ ಮೊದಲ ಸಂಜೆಯೇ ಕಣ್ಣಿಗೆ ಕೂರಬೇಕು. ಅವತ್ತಿಗೆ ಅಷ್ಟು ಸಾಕು, ಬೇರೇನೂ ಬೇಡ.

ಎರಡನೇ ಸಂಜೆ, ತಪ್ಪು ಮೂಲೆಯಿಂದ ಸರಿ ಮೂಲೆಗೆ ಓಡಿಸೋದು. ಬುದ್ಧಿ ಇರುವ ಎದುರಾಳಿ ತಪ್ಪು ಮೂಲೆಗೇ ಹೋಗಿ ಕೂರುತ್ತಾನೆ, ಹಾಗಾಗಿ ಇದು ಬಂದೇ ಬರುತ್ತೆ. ಇದರ ದಾರಿಯನ್ನು ಫಿಲಿಡೋರ್ ಅನ್ನೋ ಫ್ರೆಂಚ್ ಆಟಗಾರ 18ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಕುದುರೆ ಎಫ್7, ಇ5, ಡಿ7, ಸಿ5, ಬಿ7 ಅಂತ ಮೇಲೆ ಕೆಳಗೆ ಹಾರುತ್ತಾ ಇಂಗ್ಲಿಷಿನ ಡಬ್ಲ್ಯೂ ಅಕ್ಷರ ಬರೆಯುತ್ತೆ. ಬೋರ್ಡಿನ ಮೇಲೆ ಬಿಳಿ ರಾಜ ಎಫ್6, ಒಂಟೆ ಇ4, ಕುದುರೆ ಜಿ5, ಕಪ್ಪು ರಾಜ ಎಚ್8 ಇಟ್ಟುಕೊಂಡು ನನ್ನ ಜೊತೆ ಬನ್ನಿ.

1. ಕುದುರೆ ಎಫ್7 ಚೆಕ್, ರಾಜ ಜಿ8. 2. ಒಂಟೆ ಎಫ್5. ಇದು ಬರೀ ಸರದಿ ದಾಟಿಸುವ ನಡೆ, ಎಚ್7 ಮುಚ್ಚಿದ ಹಾಗೇ ಇದೆ. ಎಚ್8ಕ್ಕೆ ವಾಪಸ್ ಹೋಗೋಕೆ ಕುದುರೆ ಬಿಡಲ್ಲ. ರಾಜ ಎಫ್8ಕ್ಕೆ ಬರಲೇಬೇಕು. 3. ಒಂಟೆ ಎಚ್7, ಜಿ8 ಬಾಗಿಲು ಬಂದ್. ರಾಜ ಇ8. 4. ಕುದುರೆ ಇ5.

ಈಗ ಕಪ್ಪಿಗೆ ಎರಡು ದಾರಿ. ಮೊದಲು ಸುಲಭದ್ದು. 4ನೇ ನಡೆಗೆ ಉತ್ತರವಾಗಿ ರಾಜ ಮೂಲೆಯ ಆಸೆಯಿಂದ ಎಫ್8ಕ್ಕೆ ವಾಪಸ್ ಬಂದ ಅನ್ನಿ. 5. ಕುದುರೆ ಡಿ7 ಚೆಕ್, ರಾಜ ಇ8. 6. ರಾಜ ಇ6, ಕುದುರೆಗೆ ಕಾವಲು. ಕಪ್ಪು ರಾಜ ಡಿ8. 7. ರಾಜ ಡಿ6, ಕಪ್ಪು ರಾಜ ಇ8. 8. ಒಂಟೆ ಜಿ6 ಚೆಕ್, ರಾಜ ಡಿ8. 9. ಒಂಟೆ ಎಫ್7, ಇನ್ನು ಇ8 ಕಡೆಗೆ ಬರೋ ಹಾಗಿಲ್ಲ. ರಾಜ ಸಿ8. 10. ಕುದುರೆ ಸಿ5, ರಾಜ ಡಿ8. 11. ಕುದುರೆ ಬಿ7 ಚೆಕ್, ರಾಜ ಸಿ8. 12. ರಾಜ ಸಿ6, ಕಪ್ಪು ರಾಜ ಬಿ8. 13. ರಾಜ ಬಿ6, ಕಪ್ಪು ರಾಜ ಎ8. 14. ಒಂಟೆ ಇ6, ರಾಜ ಬಿ8. 15. ಕುದುರೆ ಸಿ5, ರಾಜ ಎ8. ಇಲ್ಲಿ ನಿಲ್ಲಿ. ಮೊದಲ ಸಂಜೆ ಕಲಿತ ಚಿತ್ರ ಇದೇ ಅಲ್ವಾ? 16. ಒಂಟೆ ಡಿ7, ರಾಜ ಬಿ8. 17. ಕುದುರೆ ಎ6 ಚೆಕ್, ರಾಜ ಎ8. 18. ಒಂಟೆ ಸಿ6 ಮೇಟ್. ಮಧ್ಯದಲ್ಲಿ ಅವನು ಸ್ವಲ್ಪ ಆಚೀಚೆ ಆಡಬಹುದು. ಉದಾಹರಣೆಗೆ 7ನೇ ನಡೆಗೆ ಇ8 ಬದಲು ಸಿ8ಕ್ಕೆ ಹೋದರೆ ಕುದುರೆಯನ್ನ ತಕ್ಷಣ ಸಿ5ಕ್ಕೆ ತನ್ನಿ, ಒಂಟೆಯ ಕೆಲಸ ಆಮೇಲೆ.

ಇನ್ನೊಂದು ದಾರಿ ಇದೆಯಲ್ಲ, ಅದರಲ್ಲೇ ಇರೋದು ವಿಷಯ. 4. ಕುದುರೆ ಇ5 ಆದಮೇಲೆ ರಾಜ ಡಿ8ಕ್ಕೆ ಹೋಗುತ್ತಾನೆ. 5. ರಾಜ ಇ6, ಕಪ್ಪು ರಾಜ ಸಿ7. ಎಲ್ಲರ ಕೈ ನಡುಗೋದು ಇಲ್ಲೇ. ರಾಜ ಅಂಚು ಬಿಟ್ಟು ಹೊರಗೆ ಬಂದ, ಬಿ6, ಬಿ5 ಕಡೆ ಓಡಿ ಕೆಳಗಿನ ಎ1 ಮೂಲೆ ಸೇರುತ್ತಾನೆ, ಅಷ್ಟೂ ನಡೆ ದಂಡ ಅನಿಸುತ್ತೆ. ಚೆಕ್ ಕೊಡೋಣ ಅನಿಸುತ್ತೆ. ಕೊಡಬೇಡಿ. 6. ಕುದುರೆ ಡಿ7. ನೋಡೋಕೆ ಏನೂ ಮಾಡದ ನಡೆ, ಆದರೆ ಬಿ6, ಸಿ5, ಬಿ8 ಮೂರೂ ಹೋಯಿತು. ರಾಜ ಬಿ7. 7. ಒಂಟೆ ಎಚ್7ರಿಂದ ಉದ್ದಕ್ಕೆ ಇಳಿದು ಡಿ3. ಈಗ ಎ6, ಬಿ5, ಸಿ4 ಹೋಯಿತು. ರಾಜ ಸಿ6. 8. ಒಂಟೆ ಎ6. ಈ ನಡೆ ನನಗೆ ಇಡೀ ಎಂಡ್‌ಗೇಮಿನಲ್ಲೇ ಇಷ್ಟ. ಬೋರ್ಡಿನ ಅಂಚಿಗೆ ಹೋಗಿ ಕೂತ ಒಂಟೆ ಬಿ5 ಮತ್ತು ಬಿ7 ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತೆ, ರಾಜನಿಗೆ ಸಿ7 ಒಂದೇ ಗತಿ. 9. ಒಂಟೆ ಬಿ5.

ಈಗ ಮಗಳ ಕೈಗೆ ಸಣ್ಣ ನಾಣ್ಯಗಳನ್ನ ಕೊಡಿ. ಕಪ್ಪು ರಾಜ ಹೋಗಬಹುದಾದ ಮನೆಗಳ ಮೇಲೆಲ್ಲಾ ಒಂದೊಂದು ಇಡಲಿ. ನಮ್ಮ ರಾಜ ಇ6, ಕುದುರೆ ಡಿ7, ಒಂಟೆ ಬಿ5 ಅಲುಗಾಡದೆ ನಿಂತಿದ್ದರೆ ಅವನಿಗೆ ಉಳಿಯೋದು ಎ7, ಎ8, ಬಿ7, ಸಿ7, ಸಿ8, ಡಿ8, ಇ8. ಏಳೇ ಮನೆ. ಅದರೊಳಗೆ ಎ8 ಇದೆ, ಎಚ್8 ಇಲ್ಲ, ಎ1 ಕಡೆಗೆ ಹೋಗುವ ದಾರಿಯೂ ಇಲ್ಲ. ತಪ್ಪಿಸಿಕೊಂಡ ಅಂದುಕೊಂಡವನು ಪಂಜರದ ಒಳಗೇ ಇದ್ದಾನೆ. ಇದನ್ನ ಬೋರ್ಡಿನ ಮೇಲೆ ಕಣ್ಣಾರೆ ನೋಡಿದ ಮಗು ಮತ್ತೆ ಗಾಬರಿಯಾಗಲ್ಲ. ವಿಡಿಯೋದಲ್ಲಿ ಬಾಣದ ಗುರುತು ನೋಡಿದರೆ ಈ ನಂಬಿಕೆ ಬರೋದು ಕಷ್ಟ, ನಾಣ್ಯ ಇಟ್ಟು ಎಣಿಸಿದರೆ ಬರುತ್ತೆ.

ಮುಂದಿನದು ಪಂಜರ ಚಿಕ್ಕದು ಮಾಡೋದು. ರಾಜ ಡಿ8ಕ್ಕೆ ಹೋದರೆ 10. ಕುದುರೆ ಬಿ6, ರಾಜ ಸಿ7. 11. ಕುದುರೆ ಡಿ5 ಚೆಕ್, ರಾಜ ಡಿ8. 12. ರಾಜ ಡಿ6, ಕಪ್ಪು ರಾಜ ಸಿ8. 13. ರಾಜ ಇ7, ಕಪ್ಪು ರಾಜ ಬಿ7. 14. ರಾಜ ಡಿ7, ಕಪ್ಪು ರಾಜ ಬಿ8. 15. ಒಂಟೆ ಎ6, ರಾಜ ಎ7. 16. ಒಂಟೆ ಸಿ8, ರಾಜ ಬಿ8. 17. ಕುದುರೆ ಬಿ4, ರಾಜ ಎ7. 18. ರಾಜ ಸಿ7, ಕಪ್ಪು ರಾಜ ಎ8. 19. ಒಂಟೆ ಬಿ7 ಚೆಕ್, ರಾಜ ಎ7. 20. ಕುದುರೆ ಸಿ6 ಮೇಟ್. ಈ ಸಲ ಮೂಲೆಯ ಪಕ್ಕದ ಮನೆಯಲ್ಲಿ ಕುದುರೆಯೇ ಮುಗಿಸಿತು. ಈ ನಡೆಗಳನ್ನ ನೆನಪಿಡೋ ಅಗತ್ಯವಿಲ್ಲ. ಪ್ರತಿ ನಡೆಗೂ ಮುಂಚೆ "ಈಗ ಅವನಿಗೆ ಎಷ್ಟು ಮನೆ ಇದೆ, ಯಾವುದು ಮುಚ್ಚಬೇಕು" ಅಂತ ಕೇಳಿಕೊಂಡರೆ ಹತ್ತಿರ ಹತ್ತಿರ ಇವೇ ನಡೆ ಬರುತ್ತವೆ.

1923ರಲ್ಲಿ ಡೆಲೆಟಾಂಗ್ ಅನ್ನೋರು ಬರೆದ ತ್ರಿಕೋನದ ವಿಧಾನವೂ ಇದೆ. ಒಂಟೆಯ ಕರ್ಣರೇಖೆಗಳನ್ನೇ ಗೋಡೆ ಮಾಡಿ, ದೊಡ್ಡ ತ್ರಿಕೋನದಿಂದ ಚಿಕ್ಕದಕ್ಕೆ ರಾಜನನ್ನು ತಳ್ಳೋದು. ಚೆನ್ನಾಗಿದೆ, ಆದರೆ ಎರಡನ್ನೂ ಒಟ್ಟಿಗೆ ಕಲಿಸಿದರೆ ಮಕ್ಕಳು ಅರ್ಧ ಇದು ಅರ್ಧ ಅದು ಆಡುತ್ತಾರೆ. ಒಂದನ್ನೇ ಹಿಡಿಯಲಿ.

ಮೊದಲ ಹಂತ, ಅಂದರೆ ನಡುವಿನಿಂದ ಅಂಚಿಗೆ ತಳ್ಳೋದನ್ನ ಕೊನೆಗೆ ಕಲಿಸಿ. ಅದಕ್ಕೆ ನಿರ್ದಿಷ್ಟ ನಡೆಗಳೇ ಇಲ್ಲ. ನಮ್ಮ ರಾಜ ನಡುವಿನ ಮನೆಗಳನ್ನು ಹಿಡಿಯಬೇಕು, ಇದರಲ್ಲಿ ಹೆಚ್ಚು ಕೆಲಸ ಮಾಡೋನು ಅವನೇ. ಕುದುರೆಯನ್ನು ಆದಷ್ಟು ಒಂಟೆಯ ಬಣ್ಣದ ಮನೆಯಲ್ಲೇ ನಿಲ್ಲಿಸಿ. ಒಂಟೆ ಡಿ3, ಕುದುರೆ ಡಿ5 ಇದ್ದರೆ ಬಿಳಿ ಮನೆಗಳನ್ನು ಒಂಟೆ ನೋಡಿಕೊಳ್ಳುತ್ತೆ, ಬಿ4, ಬಿ6, ಸಿ7, ಇ7, ಎಫ್6 ಥರದ ಕಪ್ಪು ಮನೆಗಳನ್ನು ಕುದುರೆ ನೋಡಿಕೊಳ್ಳುತ್ತೆ. ಇಬ್ಬರೂ ಒಂದೇ ಮನೆ ಕಾಯ್ತಾ ಕೂತರೆ ಪಕ್ಕದಲ್ಲೇ ರಾಜ ನುಗ್ಗಿ ಹೋಗ್ತಾನೆ. ಕುದುರೆ ನಮ್ಮ ರಾಜನಿಂದ ದೂರ ಹೋಗದ ಹಾಗೆ ನೋಡಿಕೊಳ್ಳಿ, ವಾಪಸ್ ಬರೋಕೆ ಜಾಸ್ತಿ ನಡೆ ತಿನ್ನುತ್ತೆ. ಮೂಲೆಯಿಂದ ಮೂಲೆಗೆ ಓಡಿಸೋಕೆ 20 ನಡೆ ಎತ್ತಿಟ್ಟರೆ ಈ ಹಂತಕ್ಕೆ 30 ನಡೆ ಸಿಗುತ್ತೆ. ಅವಸರವೇ ಇಲ್ಲ.

ಟೂರ್ನಿಯಲ್ಲಿ ಎರಡು ವಿಷಯ ನೆನಪಿರಲಿ. 50ರ ಎಣಿಕೆ ಕೊನೆಯ ಬಾರಿ ಕಾಯಿ ಹೊಡೆದಾಗ ಅಥವಾ ಕಾಲಾಳು ನಡೆದಾಗಿನಿಂದ ಶುರು, ಇಬ್ಬರೂ ತಲಾ 50 ನಡೆ. ಸ್ಕೋರ್‌ಶೀಟ್ ಬರೆಯುತ್ತಿದ್ದರೆ ಆ ನಡೆಯ ಪಕ್ಕ ಒಂದು ಗೆರೆ ಹಾಕಲಿ, ಆಮೇಲೆ ತಲೆಯಲ್ಲಿ ಲೆಕ್ಕ ಇಡೋ ತಾಪತ್ರಯ ಇರಲ್ಲ. 50 ಆದ ತಕ್ಷಣ ಆಟ ತಾನಾಗಿ ನಿಲ್ಲಲ್ಲ, ಎದುರಾಳಿ ತನ್ನ ಸರದಿಯಲ್ಲಿ ಡ್ರಾ ಕೇಳಬೇಕು. ಯಾರೂ ಕೇಳದೆ 75 ಮುಟ್ಟಿದರೆ ಅರ್ಬಿಟರ್ (ತೀರ್ಪುಗಾರ) ಅವರೇ ನಿಲ್ಲಿಸುತ್ತಾರೆ, ಈ ನಿಯಮ 2014ರಿಂದ ಇದೆ. ಆದ್ದರಿಂದ 50 ದಾಟಿದರೂ ಎದುರಾಳಿ ಸುಮ್ಮನಿದ್ದರೆ ಆಡ್ತಾ ಇರಲಿ. ಇನ್ನೊಂದು, ಗಡಿಯಾರ ನೋಡಿ ಹೆದರಬೇಡ ಅಂತ ಹೇಳಿ. ಅವಳ ಟೈಮ್ ಮುಗಿದರೂ ಬರೀ ರಾಜ ಇರುವವನು ಗೆಲ್ಲೋಕಾಗಲ್ಲ, ಆಟ ಡ್ರಾ ಅಷ್ಟೆ. ಸೋಲುವ ಭಯವೇ ಇಲ್ಲದ ಜಾಗದಲ್ಲಿ ಆಡ್ತಾ ಇದ್ದೀನಿ ಅಂತ ಗೊತ್ತಿದ್ದರೆ ಕೈ ನಿಧಾನವಾಗುತ್ತೆ. ಕೊನೆಯ ಕಾಲಾಳನ್ನು ಜೋಪಾನ ಮಾಡಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ ಅನ್ನೋದು ಬೇರೆ ಮಾತು, ಅದನ್ನ ಅವಳಿಗೆ ಈಗ ಹೇಳಬೇಡಿ.

ಅಭ್ಯಾಸಕ್ಕೆ ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟಿನ ಪ್ರಾಕ್ಟೀಸ್ ವಿಭಾಗದಲ್ಲಿ ಇದೇ ಮೇಟ್ ಇದೆ, ದುಡ್ಡು ಕೊಡಬೇಕಾಗಿಲ್ಲ. ವಿಜಯನಗರದಿಂದ ಎಂ.ಜಿ. ರೋಡಿಗೆ ಮೆಟ್ರೋದಲ್ಲಿ ಹೋಗೋವಾಗ ಸೀಟು ಸಿಕ್ಕರೆ ಒಂದೆರಡು ಸಲ ಆಡಬಹುದು. ಆದರೆ ಮೊದಲ ವಾರ ಫೋನ್ ಬೇಡ, ಮರದ ಬೋರ್ಡೇ ಇರಲಿ. ಕಪ್ಪು ರಾಜನನ್ನ ನೀವೋ ಅವರಪ್ಪನೋ ಆಡಿ. ಚೆಸ್ ಬರದಿದ್ದರೂ ಪರವಾಗಿಲ್ಲ, ರಾಜನ ನಡೆ ಗೊತ್ತಿದ್ದರೆ ಸಾಕು, ತಪ್ಪು ಮೂಲೆ ಕಡೆ ಓಡ್ತಾ ಇರಿ. ಸಲೀಸಾದಮೇಲೆ ಒಂಟೆಯ ಬಣ್ಣ ಬದಲಿಸಿ. ಕಪ್ಪು ಮನೆಯ ಒಂಟೆ ಆದರೆ ರಾಜನನ್ನ ಎ8ರಿಂದ ಎಚ್8ಕ್ಕೆ ಓಡಿಸಬೇಕು, ಆಗ ಕುದುರೆಯ ದಾರಿ ಸಿ7, ಡಿ5, ಇ7, ಎಫ್5, ಜಿ7. ಎಷ್ಟೋ ಮಕ್ಕಳು ಒಂದೇ ಮೂಲೆಗೆ ಬಾಯಿಪಾಠ ಮಾಡಿರುತ್ತಾರೆ, ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಇಟ್ಟರೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅವಳು ನಾಲ್ಕು ಮೂಲೆಗೂ ಆಡಲಿ, ಮೊದಲು ಎಚ್1ರಿಂದ ಶುರು ಮಾಡಿಸಿ, ಯಾಕಂದರೆ ವಿಡಿಯೋಗಳಲ್ಲಿ ಅದು ಬರೋದೇ ಕಡಿಮೆ.